ನೆಂಚಿಕೊಳ್ಳಲು

ಹಂದಿಯ ತೊಡೆಯನ್ನು ಯಾರೂ ಹೆಣೆಯುವುದಿಲ್ಲ.
ಮೇಜಿನ ನಡುವೆ ಅದು
ಮೈಗೆಲ್ಲ ಲವಂಗ ಚುಚ್ಚಿಸಿಕೊಂಡು
ಬೀಗರ ಮನೆಯ ಹಿರಿಯನ ಹಾಗೆ ಕೂತಿರುತ್ತದೆ.
ನನ್ನಕ್ಕ ಇಂಪಿಯ ಕಣ್ಣು ಅದರ ಮೇಲಿಲ್ಲ,
ಸುತ್ತಲಿನ ಬೋಗುಣಿಗಳ ಮೇಲೆ, ನೆಂಚಿಕೊಳ್ಳುವವುಗಳ ಮೇಲೆ.
ಯಾರು ಯಾವುದಕ್ಕೆ ಎರಡನೆಯ ಸಲ ಸೌಟು ಹಾಕಿದರು?
ಮುಂದಿನ ಕ್ರಿಸ್‌ಮಸ್ಸಿಗೆ ಅದೇ ಅವರ ಕೈಗವಸು.

ಕುಹ್ಮೊದಲ್ಲಿ ಡಿಸೆಂಬರಿನ ಹಗಲು
ಬಾಗಿಲಲ್ಲೇ ನಿಂತು ಮಾತಾಡಿ ಹೋಗುವ ನೆಂಟ.
ಎರಡು ಗಂಟೆಗೇ ದೀಪ, ದೀಪದ ಕೆಳಗೆ ನಾಲ್ಕು ಕಡ್ಡಿ,
ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೆ ಒಂದೇ ಕೋಣೆ.

ರೊಸೊಲ್ಲಿ ಬಡಿಸಿಕೊಂಡವಳು ಅಂಚೆಯ ಲೆಂಪಿ.
ಅವಳಿಗೆ ಬೀಟ್‌ರೂಟು, ಕ್ಯಾರೆಟ್ಟು, ಉಪ್ಪಿನ ಸೌತೆ, ಸೇಬು,
ನಾಲ್ಕು ಬಣ್ಣದ ಚೌಕುಳಿ,
ಮಣಿಕಟ್ಟಿಗೆ ಗುಲಾಬಿ ಕೆನೆಯ ಎರಡು ಸುತ್ತು.
‘ಬಣ್ಣ ಬಿಡುತ್ತದಾ?’
‘ಬೀಟ್‌ರೂಟಲ್ಲವೇನೆ, ಬಿಡದೆ ಇರುತ್ತದಾ?’

ತಮ್ಮ ಟೌನೊಗೆ ಲಾಂಟು ಗೆಡ್ಡೆಯದು.
ಅರೆದು, ಬೋಗುಣಿಗೆ ತುಂಬಿ,
ಮೇಲೆ ಚಮಚದ ಬೆನ್ನಿನಿಂದ ಅಮ್ಮ ಒತ್ತುತ್ತಿದ್ದ ಅಲೆ ಅಲೆ,
ಅದೇ ಅಲೆ ಈಗ ಅವನ ಮುಂಗೈ ಮೇಲೆ.
ಅಮ್ಮ ಎಷ್ಟು ಅಲೆ ಒತ್ತುತ್ತಿದ್ದಳು, ಏಳೋ ಎಂಟೋ,
ಜಗಳವಾಡಿ ಒಂದು ಚಳಿಗಾಲ ಮಾತು ಬಿಟ್ಟಿದ್ದೆವು.

ನನ್ನದು ಆಲೂಗಡ್ಡೆ. ಸಕ್ಕರೆ ಹಾಕುವಂತಿಲ್ಲ.
ಬೇಯಿಸಿ, ಕಿವುಚಿ, ಹಿಡಿ ಹಿಟ್ಟು ಕಲಸಿ,
ಬೆಚ್ಚಗೆ ಹೊದೆಸಿ ರಾತ್ರಿಯೆಲ್ಲ ಕಾಯಬೇಕು.
ಬೆಳಗಿಗೆ ಅದು ತಾನಾಗಿ ಸಿಹಿ.
(ಟೌನೊನ ಹೆಂಡತಿ ಪಾಕ ಸುರಿಯುತ್ತಾಳೆ.
ನಮಗೆ ಗೊತ್ತು. ಹೇಳುವುದಿಲ್ಲ.)
ನನ್ನ ಗವಸಿಗೆ ಚಿತ್ತಾರವಿಲ್ಲ, ಬರೀ ಮಾಸಲು ಬಿಳಿ.
ಮುನಿಸಿಕೊಂಡಿದ್ದೆ,
ಕೈ ತೂರಿಸಿದರೆ ಒಳಗೆ ಇನ್ನೊಂದು ಪದರ.

ಹೋದ ವರ್ಷ ಟೌನೊ ಒಬ್ಬ ಹುಡುಗನನ್ನು ಕರೆತಂದ. ನೂಟ್ಟಿ.
ಒಂಬತ್ತು ವರ್ಷಕ್ಕೆ ಇದು ಅವನ ಮೂರನೆಯ ಮನೆ.
ಬೋಗುಣಿಗಳನ್ನು ಒಂದೊಂದಾಗಿ ನೋಡಿ
‘ಇದಾವುದೂ ನಾನು ತಿನ್ನಲ್ಲ’ ಅಂದ.
ಸೌಟುಗಳು ನಿಂತವು.
ಇಂಪಿ ಬ್ರೆಡ್ಡು ದಾಟಿಸಿದಳು, ಅಷ್ಟೆ.
ಆದರೆ ಅವಳ ಬೆರಳು ಮೇಜಿನ ಅಂಚಿನಲ್ಲಿ
ತಪ್ಪಿದ ಕುಣಿಕೆ ಹುಡುಕುತ್ತಿದ್ದುದನ್ನು ನಾನು ಕಂಡೆ.

ಊಟ ಮುಗಿದು, ಪಾತ್ರೆ ನೆನೆಹಾಕಲು ಹೋದರೆ
ಅಡುಗೆಮನೆಯ ಕತ್ತಲಲ್ಲಿ ಕರ್ರ್, ಕರ್ರ್.
ಲಾಂಟಿನ ಬೋಗುಣಿ ಎದೆಗವಚಿ ನೂಟ್ಟಿ
ಫೋರ್ಕಿನಿಂದ ಕೆರೆಯುತ್ತಿದ್ದಾನೆ:
ಅಂಚಿಗೆ ಕಚ್ಚಿಕೊಂಡ ಕಪ್ಪು, ನಾವು ಉಜ್ಜಿ ಚೆಲ್ಲುವುದು.
ಬಾಯ್ತೆರೆಯುವಷ್ಟರಲ್ಲಿ ಹಿಂದಿನಿಂದ ಅಕ್ಕ
ನನ್ನ ಮೊಣಕೈ ಹಿಡಿದಳು.
ಇಬ್ಬರೂ ಕಳ್ಳರ ಹಾಗೆ ಹಿಂದಕ್ಕೆ ಸರಿದೆವು.

ಆಮೇಲೆ ಒಂದು ಸೀದಾ, ಒಂದು ಉಲ್ಟಾ,
ಅಂಚಿಗೆ ಬಂದಾಗ ಸೀದದ್ದೇ.
ಕರಿ ಕುರಿಯ ಉಣ್ಣೆ, ಬಣ್ಣ ಹಾಕದ್ದು.
ಜನ್ಮದಲ್ಲಿ ಒಂದು ಕುಣಿಕೆ ಬಿಡದವಳು
ಬೇಕೆಂದೇ ಬಿಟ್ಟಳು, ಗಂಟು ಗಂಟಾಗಿಸಿದಳು,
ಸಾಲದು ಅಂತ ಬಿಚ್ಚಿ ಮತ್ತೆ ಕೆಡಿಸಿದಳು.
ಮಾರ್ಚಿನಲ್ಲಿ ಕೊಳದ ಮಂಜುಗಡ್ಡೆ ಬಿರಿಯುವಾಗಲೂ
ಇನ್ನೂ ಕೆಡಿಸುತ್ತಲೇ ಇದ್ದಳು.

ಈ ಕ್ರಿಸ್‌ಮಸ್ಸಿಗೆ ಹುಡುಗ ಕಾಗದ ಬಿಚ್ಚಿದ. ಮೂಸಿದ.
ಉಗುರಿನಿಂದ ಅಂಚನ್ನೊಮ್ಮೆ ಕೆರೆದು ನೋಡಿದ.
ತಲೆಯೆತ್ತದೆ ‘ನೀವು ನೋಡಿದ್ರಿ’ ಅಂದ.
‘ಏನನ್ನ?’ ಅಂದಳು ಇಂಪಿ.

ಲಾಂಟು ಅವತ್ತು ಹತ್ತು ನಿಮಿಷ ಹೆಚ್ಚು ಬೆಂದಿತ್ತು.
‘ಗಡಿಯಾರ ನಿಂತಿತ್ತು’ ಅಂದಳು.
ನಮ್ಮ ಮನೆಯ ಗಡಿಯಾರ ನಿಂತದ್ದೇ ಇಲ್ಲ.

ಜನವರಿಯಲ್ಲಿ ಒಂದನ್ನು ಎಲ್ಲೋ ಕಳೆದನಂತೆ.
ಟೌನೊ ಫೋನಿನಲ್ಲಿ ನಾಚಿಕೊಂಡು ಹೇಳಿದ.
ಅಕ್ಕ ಆಗಲೇ ಕಡ್ಡಿ ತೆಗೆದಿದ್ದಾಳೆ.
ಎಡಗೈಯದೋ ಬಲಗೈಯದೋ ಕೇಳು ಅಂದರೆ
ಕನ್ನಡಕದ ಮೇಲಿಂದ ನೋಡುತ್ತಾಳೆ:
ಸೀದದ್ದಕ್ಕೆ ಎಡವೇನು, ಬಲವೇನು.