ಕಾಲು ಸುತ್ತು

ನೀದೆ ಪಟ್ಟಣದ ಆಚೆ, ಆಲೂಗಡ್ಡೆ ಉಗ್ರಾಣಗಳ ಸಾಲು ಮುಗಿದಲ್ಲಿ
ಹಿದಾಯತ್ ಉಸ್ತಾನ ತಗಡಿನ ಗ್ಯಾರೇಜು.
ಶುಕ್ರವಾರ. ನಮಾಜಿಗೆ ಹೊರಟವನು ಬಾಗಿಲಲ್ಲೇ ತಿರುಗಿ
'ಬಿಚ್ಚಿದವನೇ ಕಟ್ಟಬೇಕು' ಅಂದ. ಹೋದ.

ನನಗೆ ಹದಿನೈದು. ಎದುರಿಗೆ ದುದು ಅತ್ತೆಯ ಜಾವಾ,
ಪಕ್ಕಕ್ಕೆ ಬೆಸೆದ ಮರದ ತೊಟ್ಟಿ,
ತೊಟ್ಟಿಯ ಸಂದಿನಲ್ಲಿ ವರ್ಷಗಳ ಮೊಸರಿನ ಹುಳಿ.
ಬೂಚಿನ ಬಿಲ್ಲೆಗಳನ್ನು ರಾತ್ರಿಯೇ ಎಣ್ಣೆಗೆ ಹಾಕಿದ್ದೆ,
ಅಮ್ಮ ಕಡಲೆ ನೆನೆಹಾಕುವ ಬಟ್ಟಲಲ್ಲಿ
(ಅದಕ್ಕೆ ಆಮೇಲೆ ಬೈಸಿಕೊಂಡೆ, ಅದು ಬೇರೆ ಕತೆ).

ಬೂಚು, ಉಕ್ಕು. ಬೂಚು, ಉಕ್ಕು.
ಸ್ಪ್ರಿಂಗುಗಳನ್ನು ಒಂದೊಂದಾಗಿ ಕೂರಿಸಿದೆ,
ಒಂದು ಹಾರಿ ಹಣೆಗೆ ಬಡಿಯಿತು.
ಮುಚ್ಚಳ ಹಾಕಿದೆ. ಒರೆಸಿದೆ. ಹಿಂದೆ ಸರಿದು ನೋಡಿದೆ.
ಹೊರಗಿನಿಂದ ಎಲ್ಲ ಇಂಜಿನ್ನೂ ಸರಿಯಾಗೇ ಕಾಣುತ್ತದೆ.

ಇನ್ನು ಉಳಿದದ್ದು ಹೊಂದಿಸುವುದು.
ಲಾಕ್ ನಟ್ಟು ಸಡಿಲಿಸು, ಸ್ಕ್ರೂ ಒಳಗೆ ತಿರುಗಿಸು,
ಒಳಗಿನ ಕಡ್ಡಿಗೆ ತಾಕುವತನಕ.
ತಾಕಬೇಕು, ನೂಕಬಾರದು.
ತಾಕಿದ್ದು ಬೆರಳಿಗೆ ತಿಳಿದ ಮೇಲೆ
ಹಿಂದಕ್ಕೆ ಕಾಲು ಸುತ್ತು.

ತಾಕಲಿಲ್ಲ.
ತಿರುಗಿಸಿದೆ, ಇನ್ನೂ ತಿರುಗಿಸಿದೆ,
ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ಸ್ಕ್ರೂ ಒಳಕ್ಕೇ ಹೋಯಿತು.
ಲಿವರ್ ಅದುಮಿದರೆ ಮುದಿ ಕತ್ತೆಯ ಕಿವಿ:
ಅತ್ತ ಬಾಗುತ್ತದೆ, ಏನನ್ನೂ ಕೇಳಿಸಿಕೊಳ್ಳುವುದಿಲ್ಲ.
ಕೇಬಲ್ ಎಳೆದು ಬಿಗಿ ಮಾಡಿದೆ. ಗೇರು ಹಾಕಿ ತಳ್ಳಿದೆ.
ಇಡೀ ಗಾಡಿ ಕಾಲೂರಿ ನಿಂತಿತು.

ಆಗ ನೆನಪಾಯಿತು. ಎರಡು ಕಡ್ಡಿಗಳ ನಡುವೆ
ಬಟಾಣಿಯಷ್ಟು ಒಂದು ಉಕ್ಕಿನ ಗುಂಡು ಇರುತ್ತದೆ.
ಇತ್ತು. ನಿನ್ನೆ ನನ್ನ ಅಂಗೈಯಲ್ಲೇ ಇತ್ತು.

ಬೆಂಚಿನ ಕೆಳಗೆ ತೆವಳಿದೆ. ಕಸದ ಡಬ್ಬ ಸುರಿದೆ.
ಟೀ ಲೋಟದ ತಟ್ಟೆಯಲ್ಲಿ ಹೊಳೆದದ್ದು ಸಕ್ಕರೆ.
ಎಣ್ಣೆಯ ಬಟ್ಟಲಿಗೆ ಮೊಣಕೈತನಕ ಕೈ ಹಾಕಿದೆ.
ಮಸೀದಿಯ ಕಡೆಯಿಂದ ಜನ ವಾಪಸ್ಸು ಬರುವ ಸದ್ದು,
ಹಿಮ ಮೆಟ್ಟುವ ಬೂಟುಗಳು. ಹೊಟ್ಟೆಯಲ್ಲಿ ಚಳಿ.
ಕೊನೆಗೆ ಸಿಕ್ಕಿತು, ಗೋಡೆಗೆ ನೇತುಹಾಕಿದ
ಹಳೆಯ ರೇಡಿಯೋದ ಅಯಸ್ಕಾಂತಕ್ಕೆ ಅಂಟಿ,
ತುಕ್ಕು ಮೊಳೆಗಳ ನಡುವೆ, ನಾಚಿಕೆಯೇ ಇಲ್ಲದೆ.
ಅಲ್ಲಿಗೆ ಇಟ್ಟವನೂ ನಾನೇ, ಕಳೆದೀತೆಂದು.

ಮತ್ತೆ ಬಿಚ್ಚಿದೆ. ಗುಂಡು ಹಾಕಿದೆ. ಮುಚ್ಚಿದೆ.
ಸ್ಕ್ರೂ ಇಳಿಯಿತು, ಇಳಿಯಿತು,
ತಾಕಿತು.
ಬೆಕ್ಕಿನ ಮೂಗು ಮುಂಗೈಗೆ ತಾಕುವಷ್ಟು.

ಉಸ್ತಾ ಬಂದ. ಟೋಪಿಯ ಹಿಮ ಕೊಡವಿದ.
ಲಿವರಿನ ಸಂದಿಗೆ ಒಂದು ಲಿರಾ ನಾಣ್ಯ ತೂರಿಸಿ
'ಸರಿಯಿದೆ' ಅಂದ. ನಾನು ಉಬ್ಬುವಷ್ಟರಲ್ಲಿ
'ಪುಸ್ತಕದ ಕೈಗೆ ಸರಿಯಿದೆ' ಅಂದ.

ದುದು ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಶಾಲಿನೊಳಗೆ ಎಡಗೈ.
ಆ ಕೈಯಲ್ಲಿ ತೋರು ಬೆರಳಿಲ್ಲ, ನಡು ಬೆರಳಿಲ್ಲ,
ಹುಲ್ಲು ಕತ್ತರಿಸುವ ಯಂತ್ರ ಎಂದೋ ತಿಂದಿತ್ತು.
ಉಳಿದ ಎರಡು ಗಿಡ್ಡ. ಅಷ್ಟು ದೂರ ಚಾಚಲಾರವು.
ಇದು ಊರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು.

ಉಸ್ತಾ ಅವಳ ಕೈಯನ್ನೇ ಹಿಡಿಗೆ ಇಡಿಸಿದ.
ಕೇಬಲ್ಲಿನ ತಿರುಪು ಬಿಡುತ್ತಾ ಹೋದ,
ನಾಣ್ಯ ಜಾರಿ ಬಿತ್ತು, ಹುಡುಕಲಿಲ್ಲ.
ಲಿವರು ಅರ್ಧ ದಾರಿ ಖಾಲಿ ಬಂದು
ಅವಳ ಬೆರಳು ಮುಟ್ಟುವ ಕಡೆ ಬಿಗಿಯಾಯಿತು.
'ಪೂರ್ತಿ ಬಿಡಲ್ಲ ಇದು, ತಿಳೀತಾ?
ನಿಂತಾಗ ಗೇರು ಕರಕರ ಅಂತದೆ.'
'ನಾನು ನಿಲ್ಲೋದೇ ಕಮ್ಮಿ' ಅಂದಳು ಅತ್ತೆ,
ದುಡ್ಡಿನ ಬದಲು ಒಂದು ಮಡಕೆ ಮೊಸರಿಟ್ಟು ಹೊರಟಳು.

ರೊಟ್ಟಿ ಅಂಗಡಿಯ ತಿರುವಿನಲ್ಲಿ
ಕರಕರ.
ಉಸ್ತಾ ಚಹಾ ಕಲಕಿದ,
ಚಮಚದ ಸದ್ದು ಬೇಕೆಂದೇ ಜೋರು ಮಾಡುತ್ತಾ.