ಸೋಮವಾರದ ತನಕ

ಶುಕ್ರವಾರ ಸಂಜೆ ಯಂತ್ರದ ಹೊಟ್ಟೆ ಬಿಚ್ಚಿ ನೋಡಿದೆ.
ಬೋರ್ಡು ಸುಟ್ಟಿತ್ತು. ತಂತಿಯ ಪಕ್ಕದಲ್ಲೇ ಗೆದ್ದಲು
ಕೆಂಪು ಮಣ್ಣಿನ ಸಣ್ಣ ಓಣಿಯೊಂದನ್ನು ಕಟ್ಟಿಕೊಂಡಿತ್ತು.
ಆಫೀಸಿಗೆ ಫೋನು ಮಾಡಿದರೆ, ಹೊಸದು ಬರೋದು ಸೋಮವಾರ,
ಅಲ್ಲೇ ಇರು,
ಪಾವಗಡಕ್ಕೆ ಎರಡೆರಡು ಸಲ ಯಾರು ಹೋಗ್ತಾರೆ.

ನಿಜ. ಬರುವ ದಾರಿಯಲ್ಲೇ ಮೊಬೈಲು
ಎರಡು ಸಲ ನನ್ನನ್ನು ಆಂಧ್ರಕ್ಕೆ ಸ್ವಾಗತಿಸಿ
ಎರಡು ಸಲ ವಾಪಸು ಕಳಿಸಿತ್ತು.
ಮಧುಗಿರಿ ದಾಟಿದ ಮೇಲೆ ಬಂಡೆ, ಬಯಲು, ಬಂಡೆ,
ಒಂದು ಹುಣಿಸೆಮರ, ಅದರ ಕೆಳಗೆ
ಯಾರನ್ನೂ ಕಾಯದೆ ಕೂತ ಒಬ್ಬ ಮನುಷ್ಯ.

ಲಾಡ್ಜಿನ ನಾಲ್ಕನೇ ನಂಬರು. ಕಿಟಕಿ ತೆಗೆದರೆ ಕೋಟೆಬೆಟ್ಟ,
ಹಗಲಿಡೀ ಕಾದದ್ದನ್ನು ರಾತ್ರಿಯಿಡೀ ನನ್ನ ಮುಖಕ್ಕೆ ಉಸಿರಿತು.
ಓಬಳಮ್ಮ ಬಕೆಟ್ಟು ತಂದಿಟ್ಟು ಹೇಳಿದಳು,
ಇದು ಮೈಗೆ. ಕುಡಿಯೋದು ಬೇರೆ, ಕ್ಯಾನಿಂದು.
ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಳು.
ಹಲ್ಲಿನ ಮೇಲಿನ ಆ ಕಂದು ಗೆರೆ
ಚಿಕ್ಕಂದಿನ ಬೋರ್‌ವೆಲ್ಲು ಬರೆದದ್ದು.

ಶನಿವಾರ ಊರು ತುಂಬಿತು. ಶನಿದೇವರ ಗುಡಿಗೆ
ಬಸ್ಸು ಬಸ್ಸು ಜನ, ಎಳ್ಳೆಣ್ಣೆಯ ಘಾಟು.
ಬಂದವರೆಲ್ಲ ನನ್ನ ಗಾಜಿನ ಬಾಗಿಲು ತಳ್ಳಿ
ದುಡ್ಡು ಬರ್ತದಾ? ಡಬ್ಬು ವಸ್ತುಂದಾ?
ಬರಲ್ಲ. ರಾದು.
ಆದರೂ ಯಾರೂ ಹೋಗಲಿಲ್ಲ.
ಯಂತ್ರ ಸತ್ತಿತ್ತು, ಏಸಿ ಬದುಕಿತ್ತು.

ಕಾವಲಿನ ಪಾತಲಿಂಗಪ್ಪ ಚಪ್ಪಲಿ ಹೊರಗೆ ಬಿಡಿಸಿ
ಗುಡಿಗಿಂತ ಶಿಸ್ತಾಗಿ ಒಳಗೆ ಕೂರಿಸಿದ.
ಕೈಗೂಸಿನ ತಾಯಿ ಮೊದಲು, ಮುದುಕರು ಆಮೇಲೆ,
ಕಡ್ಲೆಕಾಯಿ ಮಾರುವವಳು ಬುಟ್ಟಿ ಸಮೇತ.
ಸಂಜೆಗೆಲ್ಲ ನಾನು ಊರಿಗೇ ಎಟಿಎಂ ಸಾರು.
ಹುಡುಗನೊಬ್ಬ ಕೇಳಿದ,
ಒಳಗೆ ಕೂತು ದುಡ್ಡು ಎಣಿಸೋರು ಎಲ್ಲಿ?
ಅವರಿಗೆ ರಜಾ, ಅಂದೆ.
ಹೌದು, ಅದರೊಳಗೆ ಸೆಕೆ, ಅಂದ.

ಭಾನುವಾರ ಊರು ಖಾಲಿ.
ಗೌಸ್‌ಪೀರ್ ಟೀ ಅಂಗಡಿಗೆ ಬೀಗವನ್ನೂ ಹಾಕದೆ
ಲೂನಾದ ಹಿಂದೆ ಕೂರಿಸಿಕೊಂಡು ತಿರುಮಣಿಗೆ ಹೊರಟ.
ಕಣ್ಣು ಸೋಲುವವರೆಗೂ ಸೋಲಾರ್ ಹಲಗೆ.
ಇದೇ ನಮ್ಮ ಸಮುದ್ರ ಸಾರ್, ಅಂದ,
ಸಮುದ್ರ ನೋಡಿರದ ಗೌಸ್‌ಪೀರ್.
ಹಲಗೆ ಒರೆಸುವ ಮಾರಕ್ಕ ಒಪ್ಪಲಿಲ್ಲ,
ಸಮುದ್ರ ಅಂತೆ!
ಸಮುದ್ರಾನ ದಿನಾ ಯಾರು ಒರೆಸ್ತಾರೆ.

ಹಿಂದೊಮ್ಮೆ ಆಸ್ಟ್ರೇಲಿಯಾದವನೊಬ್ಬ ಬಂದಿದ್ದನಂತೆ
ಈ ಹಲಗೆಗಳನ್ನು ನೋಡೋಕೆ.
ಟೋಪಿ ತೆಗೆದು ಮಣ್ಣು ಮುಟ್ಟಿ, ನಮ್ಮ ಕಡೆಯೂ ಇದೇ ಕೆಂಪು,
ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ
ಇನ್ನೂರು ಮೈಲಿ, ಅಂದನಂತೆ.
ಹಾಗಾದರೆ ಟೀ ಯಾರಿಗೆ ಮಾರ್ತಾರೆ?
ಗೌಸ್‌ಪೀರನಿಗೆ ಇವತ್ತಿಗೂ ಅದೇ ಚಿಂತೆ.

ರಾತ್ರಿ ಕರೆಂಟು ಹೋಯಿತು.
ಇಲ್ಲೇ ಹುಟ್ಟಿ ಎಲ್ಲಿಗೋ ಹೋಗಿತ್ತು.
ಮಾಳಿಗೆಯ ಮೇಲೆ ಚಾಪೆ ಹಾಸಿಕೊಟ್ಟ ಓಬಳಮ್ಮ
ನಾನು ಕೇಳದೆಯೇ ಹೇಳಿದಳು,
ಈ ಊರಿಗೆ ಬಂದು ಮೂವತ್ತು ವರ್ಷ,
ನಾನೂ ಎರಡು ದಿನಕ್ಕೇ ಅಂತ ಬಂದದ್ದು.
ಮೇಲೆ ಅಷ್ಟೊಂದು ಚುಕ್ಕಿ. ಎಣಿಸುವುದು ನನ್ನ ಕಸುಬು,
ಬಿಟ್ಟುಬಿಟ್ಟೆ.

ಸೋಮವಾರ ಹತ್ತೂವರೆಗೆ ಕಂಡಕ್ಟರನ ಕೈಯಲ್ಲಿ ಬೋರ್ಡು ಬಂತು.
ಯಂತ್ರ ಒಮ್ಮೆ ಕೆಮ್ಮಿ ಎಣಿಸತೊಡಗಿತು.
ಪಾತಲಿಂಗಪ್ಪ ಹಳೆಯ ಫಲಕ ತಿರುಗಿಸಿ ತೂಗುಹಾಕಿದ,
ಒಳಗೆ ಒಬ್ಬರೇ.
ಎರಡು ದಿನ ಪಕ್ಕಪಕ್ಕ ಕೂತವರು
ಈಗ ಹೊರಗೆ ಬಿಸಿಲಲ್ಲಿ, ಸಾಲಾಗಿ,
ಮುಂದಿನವನ ಬೆನ್ನು ನೋಡುತ್ತ.

ಹನ್ನೊಂದು ಟೀ, ಆರು ಮೆಣಸಿನಕಾಯಿ ಬಜ್ಜಿ.
ಐನೂರರ ಗರಿಗರಿ ನೋಟು ಚಾಚಿದೆ.
ಗೌಸ್‌ಪೀರ್ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ.
ಚಿಲ್ಲರೆ ಎಲ್ಲಿಂದ ತರಲಿ ಸಾರ್.
ಗೋಡೆಯ ಸ್ಕ್ಯಾನರ್ ಚೀಟಿ
ಬಿಸಿಲಿಗೆ ಬಿಳಿಚಿ ಬರೀ ಕಾಗದ.

ಇರಲಿ ಬಿಡಿ, ಅಂದ,
ಮತ್ತೆ ಕೆಡ್ತದಲ್ಲ,
ಆಗ ಕೊಡಿ.