ಬಿಸಿಲು ಕಾಣದ ಮಣ್ಣು

ಕೋಟೆಯೊಳಗೆ ಇನ್ನೂ ಛಾವಣಿ ಕುಸಿಯದ ಕೋಣೆ.
ಮಳೆ ಬಿದ್ದಿಲ್ಲ, ಬಿಸಿಲು ಹೊಕ್ಕಿಲ್ಲ.
ಬಿದರಿಗೆ ಅಲ್ಲಿನ ಮಣ್ಣೇ ಆಗಬೇಕು.
ಯಾಕೂಬ್ ಉಸ್ತಾದ್ ಒಂದು ಚಿಟಿಕೆ ನಾಲಿಗೆಗಿಟ್ಟು
ಕಣ್ಣು ಮುಚ್ಚುತ್ತಾರೆ. ಹೌದು, ಇಲ್ಲವೇ ಅಲ್ಲ.
ಹೌದಾದರೆ ಹೂಜಿ ಕಪ್ಪಾಗುತ್ತದೆ,
ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ.

ನನ್ನದೂ ಬೆಳ್ಳಿಯ ಕೆಲಸವೇ.
ಚೌಬಾರದ ಹಿಂದಿನ ಗಲ್ಲಿಯಲ್ಲಿ
ಪಾಸ್‌ಪೋರ್ಟಿಗೆ, ನಿಶ್ಚಿತಾರ್ಥಕ್ಕೆ,
ತೀರಿಕೊಂಡವರ ಹಾರಕ್ಕೆ
ಮುಖ, ಮುಖ, ಮತ್ತೆ ಮುಖ.
ಕುತ್ತಿಗೆಯಿಂದ ಕೆಳಗೆ ಈ ಊರಿಗೆ ಮೈಯೇ ಇಲ್ಲ.
ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ
ಕಪ್ಪು-ಬಿಳುಪು ರೀಲೊಂದು ಎರಡು ವರ್ಷ ಕಾದಿತ್ತು.

ಕೇಳಿದ್ದು ಸುವಾರ್ತಮ್ಮನನ್ನು.
ಮಿಷನ್ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ಆಯಾ;
ಹುಟ್ಟಿದವರನ್ನೂ ಸತ್ತವರನ್ನೂ
ಒಂದೇ ಹದದ ನೀರಲ್ಲಿ ತೊಳೆದವಳು.
ನಾನಿನ್ನೂ ಮಾತು ಹುಡುಕುತ್ತಿದ್ದೆ,
ಅವಳು ಸೆರಗಿಗೆ ಕೈ ಒರೆಸಿಕೊಂಡು ಅಂದಳು:
"ನಿನ್ನ ಮೊದಲ ಬರಿಮೈಲೆ ನೋಡ್ದಾಕಿ ನಾನೇ ಅಲ್ಲೇನ?
ಈಗ ನಿನ್ನ ಪಾಳಿ."

ನೌಬಾದಿನ ಸುರಂಗ ಬಾವಿ. ನೆಲದ ಹೊಟ್ಟೆಯೊಳಗೆ ಮೊಣಕಾಲುದ್ದ ನೀರು.
ಮೇಲಿನ ತೂತಿನಿಂದ ನಡುಹಗಲ ಬಿಸಿಲು
ಹಗ್ಗವಿಲ್ಲದ ಕೊಡದ ಹಾಗೆ ಇಳಿದಿತ್ತು.
ಸೀರೆ ಮಡಚಿ ಕಲ್ಲ ಮೇಲಿಟ್ಟಳು, ಅದರ ಮೇಲೆ ಕನ್ನಡಕ.
ಲೆಕ್ಕ ಹಾಕಿಕೊಂಡು ಬಂದ ಬೆಳಕೆಲ್ಲ ನನಗೆ ಮರೆತುಹೋಯಿತು.

ಮೊಣಕೈತನಕ ಬಿಸಿಲು ತಿಂದ ತಾಮ್ರ;
ಅಲ್ಲಿಂದಾಚೆ ಯಾವ ಬೇಸಿಗೆಯೂ ತುಳಿಯದ ನೆಲ.
ಜೋತ ಮೊಲೆ, ಸಡಿಲ ಹೊಟ್ಟೆ,
ಹೊಟ್ಟೆಯ ಮೇಲೆ ಮೂರು ಹೆರಿಗೆ ಕೊರೆದಿಟ್ಟ
ಸಣ್ಣ ಸಣ್ಣ ಬೆಳ್ಳಿಗೆರೆ.
ಸುತ್ತ ಜಂಬಿಟ್ಟಿಗೆ ಕಲ್ಲು, ಅದಕ್ಕೂ ಸಾವಿರ ತೂತು,
ನೀರು ಹೋದ ಗುರುತು.
ಅವಳು ಕೈ ಜೋಡಿಸಲಿಲ್ಲ, ಕಣ್ಣೂ ಮುಚ್ಚಲಿಲ್ಲ.
ಬರೀ ನಿಂತಳು.
ಮೀನುಮರಿಯೊಂದು ಹಿಮ್ಮಡಿ ಕಚ್ಚಿದಾಗ ಕಿಸಕ್ಕನೆ ನಕ್ಕಳು;
ಆ ಒಂದು ಚಿತ್ರ ನನಗೆ ಸಿಗಲಿಲ್ಲ.

ಬಯಲು ಅಂದರೆ ಆಕಾಶದ ಕೆಳಗಿನದು ಅಂದುಕೊಂಡಿದ್ದೆ.

ಕತ್ತಲೆಕೋಣೆ, ಕೆಂಪು ದೀಪ.
ತಟ್ಟೆಯ ಔಷಧಿಯಲ್ಲಿ ಬೆನ್ನೊಂದು
ನಿಧಾನಕ್ಕೆ ಕಾಗದದ ಒಳಗಿನಿಂದ ಎದ್ದುಬಂತು.
ಒಣಗಲು ಹಾಕಿದ್ದನ್ನು ಉಸ್ತಾದ್ ಕಂಡರು:
"ಯಾವ ಬಾವಿ ಗೋಡಿ ಇದು? ಮಣ್ಣು ಅಸ್ಸಲ್ ಅದ."
ನಾನು ಚಹಾ ತರಲು ಹೋದೆ.

ಸುವಾರ್ತಮ್ಮ ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.
"ಎಷ್ಟು ಮಂದಿ ಬೆನ್ನ ತಿಕ್ಕೀನಿ, ಲೆಕ್ಕಿಲ್ಲ.
ನಂದು ನಾ ಇವತ್ತೇ ನೋಡಿದ್ದು."
ಎಡಭುಜದ ಕೆಳಗಿನ ಮಚ್ಚೆಯನ್ನು
ಫೋಟೋದ ಕಲೆಯೆಂದು ಉಗುರಲ್ಲಿ ಕೆರೆದಳು. ಹೋಗಲಿಲ್ಲ.

ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತ,
ನನ್ನ ಕಡೆ ನೋಡದೆ:
"ನಾ ಹೋದ ದಿನ ನೀನೇ ಬಂದು ತೊಳಿ.
ಎಲ್ಲಿ ಏನದ ಅಂತ ಗೊತ್ತಾತಲ್ಲ.
ನೀರ ಮಾತ್ರ ಬೆಚ್ಚಗಿರ್ಲಿ."